ಒಂಬತ್ತು ಮನೆಗಳ ಡ್ರಾಯಿಂಗ್ ಮೇಷ್ಟ್ರು

ನಿವೃತ್ತಿಯ ಹಿಂದಿನ ದಿನ ನಮ್ಮ ಡ್ರಾಯಿಂಗ್ ಮೇಷ್ಟ್ರು ಬಸ್ಸಿನಲ್ಲಿ ನನ್ನ ಪಕ್ಕ ಕೂತು ಒಂದು ಷರತ್ತು ಹಾಕಿದರು.

‘ಸರ, ನಾಳೆ ಬೀಳ್ಕೊಡುಗಿ ಭಾಷಣ ನಿಮ್ದಂತ. ಹೊಗಳೋರು ಭಾಳ ಮಂದಿ ಅದಾರ, ನೀವು ಬ್ಯಾಡ. ನನ್ನ ಹಿತ್ತಲದ್ದು ಒಂದು ಸುದ್ದಿ ಹೇಳ್ರಿ, ಸಾಕು.’

ಹಿತ್ತಲು ಅಂದರೆ ಅವರ ಮಾತಿನಲ್ಲಿ ಮನುಷ್ಯ ಯಾರ ಕಣ್ಣಿಗೂ ಬೀಳದಂತೆ ಇಟ್ಟುಕೊಂಡ ತನ್ನದೇ ಭಾಗ. ನಾನು ಆಗಲಿ ಅಂದೆ. ಮರುದಿನ ಮೈಕು ಕೈಗೆ ಬಂದ ಕೂಡಲೇ ನಾಲಿಗೆ ಹಳೆಯ ಚಾಳಿಗೆ ಬಿತ್ತು. ಅಜಾತಶತ್ರು ಅಂದೆ, ತುಂಬಿದ ಕೊಡ ಅಂದೆ, ಇಂಥವರು ಕೋಟಿಗೊಬ್ಬರು ಅಂದೆ. ಮುಂದಿನ ಸಾಲಿನಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದ ಅವರು ಜೇಬಿನಿಂದ ಪೆನ್ಸಿಲ್ ತೆಗೆದು, ತೋಳು ಉದ್ದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ ನನ್ನನ್ನು ಅಳೆದರು. ಚಿತ್ರ ಬರೆಯುವವರು ದೂರದ ಗುಡ್ಡವನ್ನು ಹಾಗೆ ಅಳೆಯುತ್ತಾರೆ. ಅವರು ಮನುಷ್ಯರನ್ನೂ ಹಾಗೆಯೇ ಅಳೆಯುತ್ತಿದ್ದರು. ಪೆನ್ಸಿಲ್ ಎದ್ದಿತೆಂದರೆ ಎದುರಿಗಿದ್ದವನು ಬುರುಡೆ ಬಿಡುತ್ತಿದ್ದಾನೆ ಅಂತ ಇಡೀ ಸ್ಟಾಫ್ ರೂಮಿಗೆ ಗೊತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಕೊಟ್ಟ ಮಾತು ತಪ್ಪಿದ್ದಕ್ಕೆ ಈಗ ಕೂತು ಬರೆಯುತ್ತಿದ್ದೇನೆ. ಅವರು ಬಳ್ಳಾರಿಯ ಬಾಡಿಗೆ ಮನೆ ಖಾಲಿ ಮಾಡಿ ತಮ್ಮೂರು ರೂಪನಗುಡಿಗೆ ಹೋಗಿ ಮೂರು ತಿಂಗಳಾಯಿತು. ಓದಿದರೆ ಓದಲಿ.

ಮೊದಲು ಹಿತ್ತಲಿನ ಸುದ್ದಿ. ಅವರು ಮಹಾ ಸೋಮಾರಿ. ಕುರುಗೋಡಿನ ನಮ್ಮ ಹೈಸ್ಕೂಲಿನ ಮುಂದಿನ ಗೋಡೆಗೆ ಏನಾದರೂ ಬರೆಯಿರಿ ಅಂತ ಎಚ್ಚೆಮ್ ಮೇಡಮ್ಮು ಹೇಳಿದಾಗ ಅವರು ‘ಆತ್ರಿ’ ಅಂದರು. ಸಮಾಜದ ಮೇಷ್ಟ್ರು ಭಾರತದ ನಕಾಶೆ ಬೇಕು ಅಂದರು, ಅದಕ್ಕೂ ‘ಆತ್ರಿ’. ವಿಜ್ಞಾನದವರು ಹೃದಯದ ಚಿತ್ರ ಕೇಳಿದರು, ಲೆಕ್ಕದ ಮೇಷ್ಟ್ರಾದ ನಾನು ತ್ರಿಕೋನದ ಪ್ರಮೇಯ ಕೇಳಿದೆ. ಎಲ್ಲರಿಗೂ ಆತ್ರಿ. ನಾಲ್ಕು ವರ್ಷ ಆ ಗೋಡೆ ಬೆಳ್ಳಗೆ ಸುಣ್ಣ ಬಳಿದುಕೊಂಡು ನಿಂತಿತು. ಒಬ್ಬರದು ಬರೆದರೆ ಉಳಿದ ಇಬ್ಬರು ಮುಖ ಊದಿಸಿಕೊಳ್ಳುತ್ತಾರೆ ಅಂತ ಪುಣ್ಯಾತ್ಮರು ಕುಂಚವನ್ನೇ ಮುಟ್ಟಲಿಲ್ಲ. ನಾನು ಅಜಾತಶತ್ರು ಅಂತ ಹೊಗಳಿದ್ದು ಈ ಗುಣವನ್ನೇ.

ಅವರೇನೂ ಇದನ್ನು ಮುಚ್ಚಿಡುತ್ತಿರಲಿಲ್ಲ. ‘ನಾ ಶಾಂತ ಮನುಷ್ಯ ಅಂತಾರಲ್ರಿ ಮಂದಿ, ಸುಳ್ಳು. ಜಗಳ ಮಾಡಾಕ ಎದ್ದು ನಿಲ್ಲಬೇಕು, ಅದಕ್ಕ ನಂಗ ಬ್ಯಾಸರ,’ ಅನ್ನುತ್ತಿದ್ದರು. ಅವರದು ಬೌದ್ಧ ಮನೆತನ. ಮನೆಯ ಗೋಡೆಯ ಮೇಲೆ ಅವರೇ ಬರೆದ ಬುದ್ಧನ ದೊಡ್ಡ ಚಿತ್ರವಿತ್ತು. ಮುಖ ನೋಡಿದರೆ ಕಣ್ಣು ಕೀಳಲಾಗದು, ಕೆಳಗಿನ ಕಮಲ ಮಾತ್ರ ಹದಿನೈದು ವರ್ಷದಿಂದ ಪೆನ್ಸಿಲ್ ಗೆರೆಯಲ್ಲೇ ಇತ್ತು. ಕೇಳಿದರೆ ‘ಮಾಡೋಣ್ರಿ, ಅದೇನು ಬಾಡಂಗಿಲ್ಲ’ ಅನ್ನುವರು.

ಇಂಥ ಸೋಮಾರಿಗೆ ಒಂದು ವಿಷಯದಲ್ಲಿ ಮಾತ್ರ ದಣಿವು ಅನ್ನುವುದೇ ಇರಲಿಲ್ಲ. ಎಲ್ಲಿಯೋ ಧ್ಯಾನದ ಶಿಬಿರಕ್ಕೆ ಹೋದಾಗ ಅಲ್ಲೊಬ್ಬ ಹಿರಿಯರು ಅವರಿಗೆ ಒಂದು ಜೆರಾಕ್ಸ್ ಕಟ್ಟು ಕೊಟ್ಟಿದ್ದರಂತೆ. ಎನಿಯಾಗ್ರಾಮ್ ಅಂತ ಅದರ ಹೆಸರು. ಒಂದು ವರ್ತುಲ, ಅದರ ಸುತ್ತ ಒಂಬತ್ತು ಚುಕ್ಕಿ, ಒಂದೊಂದು ಚುಕ್ಕಿಗೂ ಒಂದೊಂದು ಬಗೆಯ ಮನುಷ್ಯ, ಅವನ ಗುಣ, ಆ ಗುಣದ ಹಿಂದೆ ಅಡಗಿದ ಕತ್ತಲೆ. ತನ್ನ ಕತ್ತಲೆಯನ್ನು ತಾನೇ ನೋಡಿಕೊಳ್ಳುವುದೇ ಸಾಧನೆ ಅಂತ ಅದರ ಸಾರ. ನಮ್ಮ ಮೇಷ್ಟ್ರ ಕೈಗೆ ಬಂದ ಮೇಲೆ ಅದು ‘ಒಂಬತ್ತು ಮನಿ’ ಆಯಿತು. ಪ್ರತಿ ಮನೆಗೂ ಒಂದು ಮುಂಬಾಗಿಲು, ಒಂದು ಹಿತ್ತಲು. ‘ಬೀಗರಿಗೆ ಮುಂಬಾಗಿಲು ತೋರಸ್ತೀವಿ. ಕಸ ಎಲ್ಲಿ ಚೆಲ್ತೀವಿ, ಹೇಳ್ರಿ?’

ತರಗತಿಯಲ್ಲೂ ಇದೇ ಪಾಠವನ್ನು ಬೇರೆ ವೇಷದಲ್ಲಿ ಮಾಡುತ್ತಿದ್ದರು. ಎಂಟನೇ ತರಗತಿಯ ಹುಡುಗಿಯೊಬ್ಬಳು ಚೆಂಡಿನ ಚಿತ್ರ ತಂದು ತೋರಿಸಿದಾಗ ಅವರು ಹೇಳಿದ್ದು ಪಕ್ಕದ ಕೋಣೆಯಲ್ಲಿದ್ದ ನನಗೂ ಕೇಳಿಸಿತ್ತು. ‘ಚಂದ ಐತವ್ವಾ. ಆದ್ರ ಒಂದು ಕಡೀಗೆ ನೆಳ್ಳು ಹಾಕು. ನೆಳ್ಳು ಇಲ್ದ ಚೆಂಡು ರೊಟ್ಟಿ ಆಗ್ತೈತಿ.’

ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿದ ಮೇಲೆ, ಸ್ಟಾಫ್ ರೂಮಿನ ಮೇಜು ಸರಿಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ವರ್ತುಲ ಬರೆದರು. ಕೈಯೆತ್ತದೆ ಒಂದೇ ಬೀಸಿಗೆ ಬರೆದರು, ನನ್ನ ಕೈವಾರಕ್ಕೂ ಅಷ್ಟು ದುಂಡಗೆ ಬರುವುದಿಲ್ಲ. ಒಂಬತ್ತು ಮನೆಗಳನ್ನೂ ವಿವರಿಸಿದರು. ಮೆರೆಯುವವರ ಮನೆ, ಅಂಜುವವರ ಮನೆ, ದರ್ಪದವರ ಮನೆ, ಎಲ್ಲ ಹೇಳಿ ಮುಗಿಸಿ, ‘ಈಗ ನಿಮ್ಮ ನಿಮ್ಮ ಮನಿಗೆ ಹೋಗಿ ನಿಲ್ರಿ’ ಅಂದರು. ಹನ್ನೊಂದು ಜನರಲ್ಲಿ ಹತ್ತು ಜನ ಎರಡನೇ ಮನೆಗೆ ನುಗ್ಗಿದೆವು. ಎರಡನೇ ಮನೆಯೆಂದರೆ ತಮ್ಮ ಸುಖ ಬಿಟ್ಟು ಪರರಿಗೆ ಉಪಕಾರ ಮಾಡುವವರದು. ಆ ಒಂದು ಚುಕ್ಕಿಯ ಮೇಲೆ ನಿಲ್ಲಲು ಜಾಗ ಸಾಲದೆ ಪಿಟಿ ಮೇಷ್ಟ್ರು ಎಚ್ಚೆಮ್ ಮೇಡಮ್ಮಿನ ಕಾಲು ತುಳಿದರು. ಅಟೆಂಡರ್ ಹುಲುಗಪ್ಪ ಒಬ್ಬನೇ ದೂರ ಹೋಗಿ ಆರನೇ ಮನೆಯಲ್ಲಿ ಕೈಕಟ್ಟಿ ನಿಂತಿದ್ದ.

‘ನಂಗ ಅಂಜಿಕಿ ರೀ ಸರ,’ ಅಂದ ಹುಲುಗಪ್ಪ. ‘ಆಫೀಸಿನಿಂದ ಫೋನ್ ಬಂದ್ರ ಅಂಜಿಕಿ. ಬರದಿದ್ರ ಯಾಕ ಬರಲಿಲ್ಲಪಾ ಅಂತ ಅಂಜಿಕಿ.’

ಡ್ರಾಯಿಂಗ್ ಮೇಷ್ಟ್ರು ಅವನ ಭುಜ ತಟ್ಟಿದರು. ನಮ್ಮ ಕಡೆ ತಿರುಗಿ, ‘ಹುಲುಗಪ್ಪ ಒಬ್ಬಾತಗ ಸ್ವಂತ ಮನಿ ಸಿಕ್ತು. ನೀವೆಲ್ಲಾ ಇನ್ನೂ ಧರ್ಮಛತ್ರದಾಗ ಅದೀರಿ,’ ಅಂದರು.

ಆಮೇಲೆ ಅವರು ತಮ್ಮ ಎರಡು ಕಟ್ಟಳೆಗಳನ್ನು ಹೇಳಿದರು. ಮೊದಲನೆಯದು, ಓದಿದಾಗ ಹಿಗ್ಗು ಬರುವ ಮನೆ ನಮ್ಮದಲ್ಲ. ‘ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಯಾವ ಮನಿ ಓದಿದಾಗ ನಿಮ್ಮ ಕೈ ಹೆಗಲಿಗೆ ಹೋಗ್ತೈತೋ ಅದು ನಿಮ್ಮನಿ.’ ಎರಡನೆಯದು, ಇನ್ನೊಬ್ಬರ ಮನೆ ಯಾವುದು ಅಂತ ನಾವು ಹೇಳುವ ಹಾಗಿಲ್ಲ. ಗೊತ್ತಿದ್ದರೂ ಹೇಳುವ ಹಾಗಿಲ್ಲ. ಅವರವರೇ ನಡೆದುಕೊಂಡು ಹೋಗಿ ನಿಲ್ಲಬೇಕು.

ಪಿಟಿ ಮೇಷ್ಟ್ರಿಗೆ ಈ ಎರಡನೆಯದು ಕಿವಿಗೆ ಬೀಳಲಿಲ್ಲವೋ ಏನೋ, ಅಂದೇ ಮನೆಗೆ ಹೋಗಿ ಹೆಂಡತಿಗೆ ‘ನೀನು ಎಂಟನೇ ಮನಿ, ದರ್ಪದ ಮನಿ’ ಅಂತ ಹೇಳಿದರು. ಸೋಮವಾರದಿಂದ ಬುಧವಾರದವರೆಗೆ ಅವರು ಬುತ್ತಿಯಿಲ್ಲದೆ ಶಾಲೆಗೆ ಬಂದರು. ಮೂರು ದಿನವೂ ಡ್ರಾಯಿಂಗ್ ಮೇಷ್ಟ್ರೇ ತಮ್ಮ ಡಬ್ಬಿಯ ಅರ್ಧ ಕೊಟ್ಟು, ‘ಉಣ್ರಿ, ಉಣ್ರಿ. ಎಲ್ಲಾರ ಮನಿ ದ್ವಾಸಿನೂ ತೂತೇ, ಆದ್ರ ಹಾಕಿಕೊಟ್ಟಾಕಿ ಮುಂದ ತೂತು ಎಣಿಸಬಾರದು’ ಅಂತ ಉಪದೇಶ ಮಾಡಿದರು.

ಇನ್ನು ನನ್ನ ಮನೆಯ ವಿಚಾರ. ಮರುವಾರ ನಾನು ಬಹಳ ಯೋಚಿಸಿದವನಂತೆ ಹೋಗಿ ಒಂದನೇ ಮನೆಯಲ್ಲಿ ನಿಂತೆ. ತಪ್ಪು ಕಂಡರೆ ಸುಮ್ಮನಿರಲಾರದವರ ಮನೆ ಅದು. ಅದರ ಹಿತ್ತಲಲ್ಲಿರುವುದು ಸಿಟ್ಟು. ನಿಜ ಹೇಳುತ್ತೇನೆ, ನನಗೆ ನಾಚಿಕೆ ಆಗಲಿಲ್ಲ. ಬೆಳಿಗ್ಗೆ ವಿಭೂತಿ ಹಚ್ಚದೆ ಹೊಸ್ತಿಲು ದಾಟದವನು, ಅರ್ಧ ಅಂಕವನ್ನೂ ಪುಕ್ಕಟೆ ಕೊಡದವನು ನಾನು, ನ್ಯಾಯವಂತನಿಗೆ ಸಿಟ್ಟು ಬರದೆ ಇನ್ಯಾರಿಗೆ ಬರಬೇಕು? ಅಂದಿನಿಂದ ಯಾರ ಮೇಲಾದರೂ ರೇಗಿದರೆ ‘ಏನು ಮಾಡೋದ್ರಿ, ನಂದು ಒಂದನೇ ಮನಿ’ ಅಂತ ಎದೆ ಸೆಟೆಸಿ ಹೇಳುತ್ತಿದ್ದೆ. ಡ್ರಾಯಿಂಗ್ ಮೇಷ್ಟ್ರು ‘ಹೌದ್ರಾ?’ ಅನ್ನುವರು. ಪೆನ್ಸಿಲ್ ಮೇಲೇಳುವುದು. ಒಂದು ಕಣ್ಣು ಮುಚ್ಚುವುದು.

ನನ್ನ ಈ ನ್ಯಾಯವಂತಿಕೆಗೆ ಸಿಕ್ಕಿ ನಲುಗಿದವಳು ನನ್ನ ತಂಗಿ ನೀಲಾ. ಅವಳನ್ನು ಸಿರುಗುಪ್ಪಕ್ಕೆ ಕೊಟ್ಟಿದೆ. ಅವಳ ಗಂಡ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡಿ, ಅವಳು ಹೊಲಿಗೆ ಮಷೀನು ತುಳಿದು, ಇಬ್ಬರೂ ಸೇರಿ ಒಂದು ಮನೆ ಕಟ್ಟಿಸಿದರು. ಬಾಗಿಲ ಚೌಕಟ್ಟನ್ನು ಗಂಡನೇ ಮೇಸ್ತ್ರಿಯ ಜೊತೆ ನಿಂತು ಕೂರಿಸಿದ್ದನಂತೆ. ಗೃಹಪ್ರವೇಶದ ದಿನ ನಾನು ಬಾಗಿಲ ಮುಂದೆ ನಿಂತು ನೋಡಿದೆ, ಚೌಕಟ್ಟು ಎಡಕ್ಕೆ ವಾಲಿದ ಹಾಗೆ ಕಂಡಿತು. ಸುಮ್ಮನಿರಬಹುದಿತ್ತು. ನಾನು ತೋರಣದ ದಾರ ಬಿಚ್ಚಿಕೊಂಡು, ಅದರ ತುದಿಗೆ ನನ್ನ ಬೀಗದ ಕೈ ಕಟ್ಟಿ, ಮೇಲಿನಿಂದ ಇಳಿಬಿಟ್ಟು, ಬಂದ ನೆಂಟರಿಗೆಲ್ಲ ಕಾಣುವಂತೆ, ‘ನೋಡ್ರಿ, ಅರ್ಧ ಬೆರಳು ಸೊಟ್ಟ ಐತಿ’ ಅಂದೆ.

ನೀಲಾಳ ಗಂಡ ತಲೆ ತಗ್ಗಿಸಿದ. ನೀಲಾ ಆರತಿ ತಟ್ಟೆ ಹಿಡಿದವಳು ಹಾಗೇ ನಿಂತು, ‘ಯಣ್ಣ, ನೆಟ್ಟಗಿರೋ ಬಾಗ್ಲಿರೋ ಮನಿಗೇ ಹೋಗು ನೀನು. ಈ ಬಾಗ್ಲಾಗ ಬರಬ್ಯಾಡ,’ ಅಂದಳು.

ಉಣ್ಣದೆ ಎದ್ದು ಬಂದೆ. ಬಸ್ಸಿನುದ್ದಕ್ಕೂ ಹೆಂಡತಿಗೆ ನನ್ನ ಲೆಕ್ಕ ಸರಿಯಿತ್ತು ಅಂತ ವಿವರಿಸಿದೆ. ಅವಳು ಕಿಟಕಿಯ ಹೊರಗೆ ಭತ್ತದ ಗದ್ದೆ ನೋಡುತ್ತ ಕೂತಿದ್ದಳು. ನಾಲ್ಕು ವರ್ಷ ನಾನು ಆ ಮನೆಗೆ ಹೋಗಲಿಲ್ಲ, ನೀಲಾ ನಮ್ಮ ಮನೆಗೆ ಬರಲಿಲ್ಲ.

ಹೀಗಿರುವಾಗ ನೀಲಾಳ ಮಗಳ ಮದುವೆ ಗೊತ್ತಾಯಿತು. ಕುಂಕುಮ ಹಚ್ಚಿ ಸೋದರಮಾವನ ಕೈಗೆ ಕೊಡಬೇಕಾದ ಲಗ್ನಪತ್ರಿಕೆ ವಾಟ್ಸಪ್ಪಿನಲ್ಲಿ ಬಂತು. ನನಗೆ ರೇಗಿಹೋಯಿತು. ಹೆಂಡತಿ ಮಾತ್ರ ಅಡುಗೆಮನೆಯಿಂದ ಹೊರಗೆ ಬಂದು ಸೌಟು ಹಿಡಿದುಕೊಂಡೇ ಹೇಳಿದಳು, ‘ನಿಮ್ಮವ್ವ ಅಪ್ಪ ಇಲ್ಲ. ಆಕಿಗೆ ತವರು ಅಂದ್ರ ನೀವೊಬ್ರೇ. ಈ ಮದಿವಿಗೂ ಹೋಗಲಿಲ್ಲಾಂದ್ರ ಆಕಿ ಪಾಲಿಗೆ ತವರು ಮುಗೀತು ಅಂತ ತಿಳ್ಕೋರಿ.’ ಅವಳು ಹೇಳಿದ್ದು ಸರಿ ಅಂತ ನನಗೂ ಗೊತ್ತಿತ್ತು. ಆದರೂ ಕರೆಯದೆ ಹೇಗೆ ಹೋಗುವುದು, ತಪ್ಪು ಅವಳದಲ್ಲವೇ ಅಂತ ಬಾಯಿ ಮಾತ್ರ ವಾದಿಸುತ್ತಲೇ ಇತ್ತು.

ಮರುದಿನ ಶಾಲೆಗೆ ಹೋಗುವಾಗ ಬಸ್ಸು ಕೊಳಗಲ್ಲು ದಾಟುವಷ್ಟರಲ್ಲಿ ಇದೆಲ್ಲವನ್ನೂ ಡ್ರಾಯಿಂಗ್ ಮೇಷ್ಟ್ರಿಗೆ ಒದರಿದ್ದೆ. ಅವರು ತೀರ್ಪು ಕೊಡುತ್ತಾರೆಂದು ಕಾದೆ. ಅವರು, ‘ರವಿವಾರ ಕೆಂಚನಗುಡ್ಡಕ್ಕ ಹೊಂಟೀನ್ರಿ, ಹೊಳಿ ಚಿತ್ರ ಬರಿಯಾಕ. ಬರ್ತೀರೇನು?’ ಅಂದರು. ಕೆಂಚನಗುಡ್ಡ ಸಿರುಗುಪ್ಪದ ಪಕ್ಕದಲ್ಲೇ ಇದೆ ಅನ್ನುವುದು ಇಬ್ಬರಿಗೂ ಗೊತ್ತು, ಇಬ್ಬರೂ ಹೇಳಲಿಲ್ಲ.

ತುಂಗಭದ್ರೆಯ ದಂಡೆಯ ಬಂಡೆಗಳ ಮೇಲೆ ಕೂತೆವು. ಹಿಂದೆ ಹಳೆಯ ಕೋಟೆಯ ಮುರುಕು ಗೋಡೆ, ಮುಂದೆ ನೀರು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹೋಗಿದ್ದೆವು, ಅದು ಖಾಲಿಯಾಗುವವರೆಗೆ ಅವರು ಚಿತ್ರದ ಹಾಳೆಯನ್ನೇ ಹೊರಗೆ ತೆಗೆಯಲಿಲ್ಲ. ಕೈ ತೊಳೆದುಕೊಂಡು ಬಂದು, ‘ಚೂಡಂಡಿ ಸರ’ ಅಂದರು. ನೋಡ್ರಿ ಅನ್ನುವುದನ್ನು ಅವರು ತೆಲುಗಿನಲ್ಲಿ ಅಂದರೆ ಮುಂದಿನ ಮಾತು ಖಾರವಾಗಿಯೇ ಇರುತ್ತದೆ. ‘ಆ ದಾರ ಬಿಚ್ಚೋಕಿಂತ ಮುಂಚಿ ಏನು ನೋಡಿದ್ರಿ?’

‘ಬಾಗ್ಲು ನೋಡಿದೆ.’

‘ಅದಕ್ಕಿಂತ ಮುಂಚಿ.’

ನಾನು ನೆನಪಿಸಿಕೊಂಡೆ. ಹಸಿ ಬಣ್ಣದ ವಾಸನೆ. ಮೇಲಕ್ಕೆ ಹೋಗುವ ಮೆಟ್ಟಿಲು. ಅಡುಗೆಮನೆಯ ಕಪ್ಪು ಕಲ್ಲಿನ ಕಟ್ಟೆ, ಅದನ್ನು ಸವರಿ ನೋಡುತ್ತ ನಿಂತ ನನ್ನ ಹೆಂಡತಿ. ಆಮೇಲೆ ನಮ್ಮ ದೊಡ್ಡವ್ವನ ಮಗ, ಎಲೆ ಅಡಿಕೆ ಜಗಿಯುತ್ತ, ಯಾರಿಗೋ ಹೇಳುತ್ತಿದ್ದ: ‘ತಂಗಿ ಸ್ವಂತ ಮನಿ ಕಟ್ಟಿಸ್ಯಾಳ. ಅಣ್ಣ ಅಷ್ಟು ಓದಿ ಇನ್ನೂ ಬಾಡಗಿ ಮನ್ಯಾಗ ಅದಾನ.’ ಇದನ್ನು ಕೇಳಿದ ಮೇಲೆಯೇ ನಾನು ಹೊರಗೆ ಬಂದು ಬಾಗಿಲ ಮುಂದೆ ನಿಂತದ್ದು. ತಪ್ಪು ಕಣ್ಣಿಗೆ ಬಿದ್ದದ್ದಲ್ಲ, ತಪ್ಪು ಹುಡುಕುತ್ತಲೇ ನಾನು ಹೊರಗೆ ಬಂದಿದ್ದೆ. ಬಾಗಿಲು ನೆಟ್ಟಗಿದ್ದಿದ್ದರೆ ಕಿಟಕಿಗೆ ದಾರ ಇಳಿಬಿಡುತ್ತಿದ್ದೆ.

ಇದನ್ನು ಅವರಿಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ. ಅವರು ಜೇಬಿನಿಂದ ಸೀಮೆಸುಣ್ಣ ತೆಗೆದು ಬಂಡೆಯ ಮೇಲೆ ವರ್ತುಲ ಬರೆದರು, ಒಂಬತ್ತು ಚುಕ್ಕಿ ಇಟ್ಟರು, ನೀರಿನ ಕಡೆ ಮುಖ ಮಾಡಿ ಕೂತರು. ನಾನು ಎದ್ದೆ. ಮೊದಲು ಕಾಲು ರೂಢಿಯಂತೆ ಒಂದನೇ ಮನೆಗೆ ಹೋಯಿತು. ಅಲ್ಲಿಂದ ನಾಲ್ಕನೇ ಮನೆಗೆ ಎರಡೇ ಹೆಜ್ಜೆ. ಕೊರಗುವವರ ಮನೆ ಅದು. ಹಿತ್ತಲಲ್ಲಿರುವುದು ಹೊಟ್ಟೆಕಿಚ್ಚು. ಅಲ್ಲಿ ನಿಂತಾಗ ಐವತ್ತೆರಡು ವರ್ಷದ ನನಗೆ ಕಿವಿ ಬಿಸಿಯಾಗಿ, ಶಾಲೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವನ ಹಾಗೆ ನಾಚಿಕೆಯಾಯಿತು.

‘ನಿಮಗ ಮೊದ್ಲೇ ಗೊತ್ತಿತ್ತೇನ್ರಿ?’ ಅಂತ ಕೇಳಿದೆ.

‘ಮೂರು ವರ್ಷ ಆತ್ರಿ.’

‘ಮತ್ತ ಹೇಳಬಾರದಿತ್ತೇನ್ರಿ?’

‘ಹೇಳಿದ್ರ ನೀವು ನನ್ನ ಜೋಡಿ ವಾದ ಮಾಡ್ತಿದ್ರಿ. ಗೆಲ್ತಿದ್ರಿ ಬ್ಯಾರೆ.’ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು ಅವರು ಪ್ಯಾಂಟು ಜಾಡಿಸುತ್ತ ಎದ್ದರು. ‘ನಡ್ರಿ, ಹೊಟ್ಟಿ ಹಸದೈತಿ. ಸಿರುಗುಪ್ಪದಾಗ ನಿಮಗ ಯಾರಾದ್ರೂ ಗೊತ್ತಿದ್ದೋರು ಅದಾರೇನು?’

ಚಿತ್ರದ ಹಾಳೆ ಕೊನೆಗೂ ಚೀಲದಿಂದ ಹೊರಗೆ ಬರಲಿಲ್ಲ.

ನೀಲಾ ಬಾಗಿಲು ತೆಗೆದವಳು ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು, ಒಳಗೆ ಬಾ ಅನ್ನಲಿಲ್ಲ. ದಾರಿಯಲ್ಲಿ ಆಟೋದಲ್ಲಿ ನಾಲ್ಕು ಸಾಲು ಚೆನ್ನಾಗಿ ಜೋಡಿಸಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. ಹೊರಗೇ ನಿಂತು, ‘ನೀಲಾ, ಅವತ್ತು ನಾ ಬಾಗ್ಲಕ್ಕ ಅಂದಿದ್ದಲ್ಲ. ನಿನ್ನ ಮನಿ ನೋಡಿ ನಂಗ ಹೊಟ್ಟಿ ಉರೀತು. ಅದಕ್ಕ ಅಂದೆ,’ ಅಂದುಬಿಟ್ಟೆ. ಹಿಂದೆ ನಿಂತಿದ್ದ ಡ್ರಾಯಿಂಗ್ ಮೇಷ್ಟ್ರು ಪಕ್ಕದ ಮನೆಯ ತುಳಸಿ ಕಟ್ಟೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ನೀಲಾ ನನ್ನ ಮುಖವನ್ನೇ ನೋಡಿದಳು. ಆಮೇಲೆ, ‘ಬಿಸಲಾಗ ಯಾಕ ನಿಂತೀರಿ ಇಬ್ರೂ, ಒಳಗ ಬರ್ರಿ. ಸರ, ನೀವೂ ಬರ್ರಿ,’ ಅಂದಳು. ಅವಳ ಗಂಡ ಒಳಗಿನಿಂದ ಬಂದವನು ಏನೂ ಆಗಿಲ್ಲವೆಂಬಂತೆ ಕಾಲಿಗೆ ನೀರು ತಂದಿಟ್ಟ. ಅವನು ದೊಡ್ಡ ಮನುಷ್ಯ. ನೀಲಾ ದೇವರ ಮುಂದೆ ಇಟ್ಟಿದ್ದ ಲಗ್ನಪತ್ರಿಕೆ ತಂದು, ಕುಂಕುಮ ಹಚ್ಚಿ ನನ್ನ ಕೈಗೆ ಕೊಟ್ಟು, ‘ಮದಿವಿ ದಿನ ಬೆಳಗಾಗೋದ್ರಾಗ ಇಲ್ಲಿರಬೇಕು ನೀನು. ಸೋದರಮಾವ ಇಲ್ದ ನನ್ನ ಮಗಳು ಹಂದರಕ್ಕ ಬರಾಂಗಿಲ್ಲ,’ ಅಂದಳು. ಆಗಲವ್ವ ಅಂದೆ.

ಊಟಕ್ಕೆ ಕೂತೆವು. ರೊಟ್ಟಿ, ಗುರೆಳ್ಳು ಚಟ್ನಿ, ಹಿಟ್ಟಿನ ಪಲ್ಯ. ಡ್ರಾಯಿಂಗ್ ಮೇಷ್ಟ್ರಿಗೆ ಒಂಬತ್ತು ಮನೆಗಳ ಸುದ್ದಿ ಹೇಳಲು ನಾಲಿಗೆ ತುರಿಸುತ್ತಿತ್ತು, ಶುರುವೂ ಮಾಡಿದರು. ‘ನೋಡವ್ವಾ ತಂಗೀ, ಹೊಟ್ಟಿಕಿಚ್ಚು ಅನ್ನೋದು ಮನುಷ್ಯಾಗ ತನ್ನದು ತನಗೇ ಕಾಣಬೇಕಂದ್ರ...’

‘ಅದೇನು ದೊಡ್ಡ ಮಾತು ಬಿಡ್ರಿ ಸರ,’ ಅಂದಳು ನೀಲಾ, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ. ಆಮೇಲೆ ನನ್ನ ಕಡೆ ತಿರುಗಿದಳು. ‘ಯಣ್ಣ, ಹತ್ತನೇತ್ತದಾಗ ಲೆಕ್ಕಕ್ಕ ನಂಗ ನಿನಗಿಂತ ಹೆಚ್ಚು ಮಾರ್ಕ್ಸ್ ಬಂದಿದ್ವು, ನೆನಪೈತಾ? ಅಪ್ಪ, ಇಬ್ರನ್ನ ಓದಸಾಕ ನನ್ನ ಕೈಲಿ ಆಗಂಗಿಲ್ಲ ಅಂದ. ನೀ ಬಿಎಸ್ಸಿಗೆ ಬಳ್ಳಾರಿಗೆ ಹೋದಿ, ನಾ ಮಷೀನ್ ಮುಂದ ಕುಂತೆ. ನಿನ್ನ ಮನಿಗೆ ಬಂದಾಗೆಲ್ಲಾ ಗೋಡಿ ಮ್ಯಾಲಿನ ನಿನ್ನ ಡಿಗ್ರಿ ಫೋಟೋ ನೋಡಿ ನಂಗೂ ಹೊಟ್ಟಿ ಉರೀತಿತ್ತು. ನಿಂದು ನಾಕು ವರ್ಷದ್ದು. ನಂದು ಮೂವತ್ತು ವರ್ಷದ್ದು. ಉಣ್ಣು ಈಗ, ಪಲ್ಯ ಆರತೈತಿ.’

ಅಷ್ಟು ಹೇಳಿ ಅವಳು ಮಜ್ಜಿಗೆ ತರಲು ಒಳಗೆ ಹೋದಳು. ಇಪ್ಪತ್ತಾರು ವರ್ಷ ಲೆಕ್ಕ ಕಲಿಸಿದ ನನಗೆ ನನ್ನ ತಂಗಿಯ ಆ ಅಂಕಗಳು ನೆನಪಿರಲಿಲ್ಲ. ಮುರಿದ ರೊಟ್ಟಿಯ ತುಂಡು ಕೈಯಲ್ಲೇ ಉಳಿಯಿತು. ಪಕ್ಕದಲ್ಲಿ ಡ್ರಾಯಿಂಗ್ ಮೇಷ್ಟ್ರು, ಹೇಳಲು ಹೊರಟಿದ್ದನ್ನು ಅಲ್ಲಿಗೇ ಬಿಟ್ಟು, ತಟ್ಟೆಯಿಂದ ತಲೆ ಎತ್ತದೆ, ತಮ್ಮ ನೀರಿನ ಲೋಟವನ್ನು ನನ್ನ ಕಡೆಗೆ ಸರಿಸಿದರು.